ನಂಬರು ಹಾಕಿದ ಕಂಬಗಳು

ಸಿಯಾಟಲ್‌ಗೆ ಊರಿಂದ ಯಾರಾದ್ರೂ ಬಂದರೆ ತೋರಿಸೋಕೆ ಅಂತ ನಮ್ಮ ಹತ್ರ ಒಂದು ಖಾಯಂ ಪಟ್ಟಿ ಇದೆ. ಸ್ಪೇಸ್ ನೀಡಲ್, ಮೀನು ಎಸೆಯೋ ಪೈಕ್ ಪ್ಲೇಸ್ ಮಾರ್ಕೆಟ್ಟು, ಬೋಯಿಂಗ್ ಕಾರ್ಖಾನೆ, ಮೋಡ ಕರುಣೆ ತೋರಿಸಿದರೆ ಮೌಂಟ್ ರೈನಿಯರ್. ಇಷ್ಟು ಮುಗಿಯೋ ಹೊತ್ತಿಗೆ ಬಂದವರಿಗೆ ಅನ್ನ ಸಾರಿನ ನೆನಪಾಗಿರುತ್ತೆ. ಲೇಕ್ ಯೂನಿಯನ್ನಿನ ದಕ್ಷಿಣ ದಂಡೆಯಲ್ಲಿರೋ ಊರಿನ ಇತಿಹಾಸದ ಮ್ಯೂಸಿಯಂ ಈ ಪಟ್ಟಿಯಲ್ಲಿ ಇಲ್ಲ. ಯಾಕಿರಬೇಕು ಹೇಳಿ. ಸಾಗರಕ್ಕೆ ಬಂದ ನೆಂಟರನ್ನು ನಾವು ಜೋಗಕ್ಕೆ ಕರ್ಕೊಂಡು ಹೋಗ್ತೀವೇ ಹೊರತು ಪುರಸಭೆಯ ಹಳೇ ಕಡತ ಬಿಚ್ಚಿ ತೋರಿಸ್ತೀವಾ? ಆದರೆ ನಾನು ಮಾತ್ರ ಈ ಎರಡು ವರ್ಷದಲ್ಲಿ ಅಲ್ಲಿಗೆ ಕಡಿಮೆ ಅಂದರೂ ಹತ್ತು ಸಲ ಹೋಗಿದ್ದೇನೆ. ಒಂದು ಕಾರಣ ಸರಳ. ನನ್ನ ಆಫೀಸಿನಿಂದ ನಡೆದರೆ ಎಂಟು ನಿಮಿಷ, ತಿಂಗಳ ಮೊದಲ ಗುರುವಾರ ಟಿಕೇಟಿಲ್ಲ. ಇನ್ನೊಂದನ್ನು ಹೇಳೋಕೆ ಸ್ವಲ್ಪ ಸುತ್ತು ಬಳಸಬೇಕು.

ಮ್ಯೂಸಿಯಂ ಆಫ್ ಹಿಸ್ಟರಿ ಆ್ಯಂಡ್ ಇಂಡಸ್ಟ್ರಿ ಅಂತ ಅದರ ಪೂರ್ತಿ ಹೆಸರು. ಇಲ್ಲಿನವರ ಬಾಯಲ್ಲಿ ಮೊಹಾಯ್. 1911ರಲ್ಲಿ ಕಾರ್ಕೀಕ್ ಅನ್ನೋ ದಂಪತಿ ಊರಿನ ಹಳಬರನ್ನೆಲ್ಲ ಸೇರಿಸಿ ಒಂದು ಇತಿಹಾಸದ ಸಂಘ ಕಟ್ಟಿದರು. ಅಜ್ಜ ಅಜ್ಜಿಯರ ಕಾಲದ ಬಟ್ಟೆ ತೊಟ್ಟುಕೊಂಡು ವರ್ಷಕ್ಕೊಮ್ಮೆ ಸೇರೋದು, ಹಳೇ ಸಾಮಾನು ತಂದು ತೋರಿಸೋದು, ಹೀಗೆ ಶುರುವಾದದ್ದು. ಊರು ಹುಟ್ಟಿ ಅರವತ್ತು ವರ್ಷವಾಗಿತ್ತು ಅಷ್ಟೇ, ಅಷ್ಟರಲ್ಲೇ ಇವರಿಗೆ ಇತಿಹಾಸದ ಚಿಂತೆ! ನಮ್ಮಲ್ಲಿ ಅರವತ್ತು ವರ್ಷದ ಸಾಮಾನನ್ನು ಹಳೇದು ಅಂತಲೇ ಲೆಕ್ಕಕ್ಕೆ ಹಿಡಿಯೋದಿಲ್ಲ, ಗುಜರಿಯವನು ಬಂದಾಗ ಮಾತ್ರ ಹಿಡೀತೀವಿ. ಆ ಸಂಘಕ್ಕೆ ಸ್ವಂತ ಮನೆ ಅಂತ ಆಗಿದ್ದು 1952ರಲ್ಲಿ, ಮಾಂಟ್‌ಲೇಕ್ ಅನ್ನೋ ಕಡೆ. ಪಾಲ್ ತೀರಿ ಅನ್ನೋ ವಾಸ್ತುಶಿಲ್ಪಿ ಕಟ್ಟಿಕೊಟ್ಟ ಮ್ಯೂಸಿಯಂ. ಹಿಂದೆ ಜೌಗು, ಪಕ್ಕದಲ್ಲಿ ಎರಡು ಸರೋವರ ಸೇರಿಸೋ ಕಾಲುವೆ, ಒಳ್ಳೇ ಜಾಗ.

ಹನ್ನೊಂದು ವರ್ಷ ಕಳೆಯೋದರೊಳಗೆ ಅದರ ಮಗ್ಗುಲಿಗೇ ದೊಡ್ಡ ರಸ್ತೆ ಬಂತು. 1963ರಲ್ಲಿ ಲೇಕ್ ವಾಷಿಂಗ್ಟನ್ ಮೇಲೆ ತೇಲುವ ಸೇತುವೆ ಹಾಕಿದರು, 520 ಅಂತ ಅದರ ನಂಬರು. ಬೆಲ್‌ವ್ಯೂ, ರೆಡ್‌ಮಂಡ್ ಕಡೆ ಕೆಲಸ ಮಾಡೋ ನಮ್ಮವರಿಗೆಲ್ಲ ಆ ನಂಬರು ಗೊತ್ತು. ಬೆಳಿಗ್ಗೆ ಅರ್ಧ ಆಯಸ್ಸು, ಸಂಜೆ ಇನ್ನರ್ಧ ಅಲ್ಲೇ ಕಳೆಯೋದು. ಆಮೇಲೆ ಆ ಸೇತುವೆಯೂ ಹಳತಾಯಿತು, ವಾಹನ ಹೆಚ್ಚಾಯಿತು, ಹೊಸದನ್ನು ಅಗಲವಾಗಿ ಕಟ್ಟಬೇಕು ಅಂತಾಯಿತು. ಅಗಲ ಮಾಡೋಕೆ ಜಾಗ ಬೇಕಲ್ಲ? ಮ್ಯೂಸಿಯಂ ಎದ್ದು ಹೋಗಬೇಕಾಯಿತು.

ಇತಿಹಾಸ ಇಟ್ಟುಕೊಂಡು ಕೂತವರನ್ನೇ ರಸ್ತೆ ಎಬ್ಬಿಸಿದ್ದು ನನಗೆ ಮೊದಲು ತಮಾಷೆ ಅನ್ನಿಸಿತ್ತು.

ಎಬ್ಬಿಸಿದವರಿಗೆ ಸಿಕ್ಕಿದ್ದು ಡೌನ್‌ಟೌನಿನ ಉತ್ತರಕ್ಕೆ ಅಂಟಿಕೊಂಡ ಸೌತ್ ಲೇಕ್ ಯೂನಿಯನ್ನಿನ ಒಂದು ಹಳೇ ಕಟ್ಟಡ. ನೌಕಾದಳದ ಆರ್ಮರಿ ಅದು, ಅಂದರೆ ಮೀಸಲು ನಾವಿಕರಿಗೆ ಕವಾಯತು ಕಲಿಸೋ ಜಾಗ. ಅಮೆರಿಕದಲ್ಲಿ ಜನಕ್ಕೆ ಕೆಲಸವಿಲ್ಲದ ಕಾಲದಲ್ಲಿ ಸರ್ಕಾರವೇ ಕೆಲಸ ಕೊಡೋಕೆ ಹಾಕಿದ್ದ ಯೋಜನೆಯ ದುಡ್ಡಿನ ಸಹಾಯದಲ್ಲಿ ಎದ್ದ ಕಟ್ಟಡ. ಮುಗಿಯೋದು 1942 ಆಯಿತು, ಅಷ್ಟರಲ್ಲಿ ಯುದ್ಧವೇ ಬಂದಿತ್ತು. ನೀರಿನ ಅಂಚಿಗೆ ಬಿಳಿ ಕಾಂಕ್ರೀಟಿನ ಒಂದು ದೊಡ್ಡ ಪೆಟ್ಟಿಗೆ ಇಟ್ಟ ಹಾಗೆ ಕಾಣುತ್ತೆ. ಒಳಗೆ ಹೋದರೆ ಮಧ್ಯೆ ಒಂದೂ ಕಂಬವಿಲ್ಲದ ಎತ್ತರದ ಹಾಲು, ಸುತ್ತ ಬಾಲ್ಕನಿ. ಸಾಲಾಗಿ ನಿಂತು ಹೆಜ್ಜೆ ಹಾಕೋ ಹುಡುಗರಿಗೆ ಕಂಬ ಅಡ್ಡ ಬರಬಾರದಲ್ಲ, ಅದಕ್ಕೆ. ಯುದ್ಧ ಮುಗೀತು, ಇನ್ನೆರಡು ಯುದ್ಧವೂ ಮುಗೀತು, 1998ಕ್ಕೆ ನೌಕಾದಳ ಖಾಲಿ ಮಾಡಿತು, 2000ದಲ್ಲಿ ನಗರಸಭೆ ತಗೊಂಡಿತು. ಅಲ್ಲಿಗೆ 2012ರ ಡಿಸೆಂಬರ್ 29ಕ್ಕೆ ಮೊಹಾಯ್ ಒಕ್ಕಲು ಬಂತು. ಮಾಂಟ್‌ಲೇಕಿನ ಹಳೇ ಕಟ್ಟಡವನ್ನು ಆಮೇಲೆ ಕೆಡವಿದರು.

ಹೊಸದೇ ಕಟ್ಟಬಹುದಿತ್ತಲ್ಲ ಅಂತ ಕೇಳೋರಿದ್ದಾರೆ. ನನ್ನ ಪ್ರಕಾರ ಕಂಬವಿಲ್ಲದ ಆ ಹಾಲು ನೋಡಿದ ಯಾರೂ ಬೇರೆ ಜಾಗ ಹುಡುಕೋದಿಲ್ಲ. ಮ್ಯೂಸಿಯಂನವರಿಗೆ ಒಂದು ವಿಮಾನ ನೇತುಹಾಕಬೇಕಿತ್ತು, ಒಂದು ರೇಸ್ ದೋಣಿ ನೇತುಹಾಕಬೇಕಿತ್ತು. ಮೊದಲೇ ಕವಾಯತಿಗೆ ಅಂತ ಕಟ್ಟಿದ ಖಾಲಿತನ ಅವರಿಗೆ ಬಿಟ್ಟಿ ಸಿಕ್ಕಂತಾಯಿತು. ಬಿಟ್ಟಿ ಅಂದೆ, ಖರ್ಚೇನೂ ಕಮ್ಮಿಯಿಲ್ಲ. ಭೂಕಂಪದ ಊರಿದು, ಗೋಡೆ ಗಟ್ಟಿ ಮಾಡಬೇಕು. ಹಳೇ ಕಾಗದ ಬಟ್ಟೆಗೆ ಬೆಳಕು ಆಗೋದಿಲ್ಲ, ತೇವ ಆಗೋದಿಲ್ಲ, ನೀರಂಚಿನ ಕಟ್ಟಡದಲ್ಲಿ ತೇವ ಕಾಯೋದು ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯೋ ಹಾಗೆ. ಅದೂ ಅಲ್ಲದೆ ಲಕ್ಷಗಟ್ಟಲೆ ಫೋಟೋ, ಕಾಗದ, ಸಾಮಾನು ಇರೋ ಸಂಗ್ರಹ ಪೂರ್ತಿ ಇಲ್ಲಿ ಹಿಡಿಸೋದೇ ಇಲ್ಲ. ಬಹುಪಾಲು ಊರಿನ ದಕ್ಷಿಣಕ್ಕೆ ಜಾರ್ಜ್‌ಟೌನ್ ಅನ್ನೋ ಕಡೆ ಉಗ್ರಾಣದಲ್ಲಿದೆ. ಇಲ್ಲಿ ಕಾಣೋದು ಜಗಲಿ ಮಾತ್ರ, ಅಟ್ಟ ಬೇರೆ ಕಡೆ.

ಮ್ಯೂಸಿಯಂ ಒಕ್ಕಲು ಎಬ್ಬಿಸೋದು ಮನೆ ಖಾಲಿ ಮಾಡಿದ ಹಾಗಲ್ಲ. ಇಂಥ ಕಡೆ ಒಂದು ಸೂಜಿ ಬಂದರೂ ಅದಕ್ಕೊಂದು ನಂಬರು ಬೀಳುತ್ತೆ. ಸಾಮಾನ್ಯವಾಗಿ ಮೂರು ಭಾಗದ ನಂಬರು: ಬಂದ ವರ್ಷ, ಆ ವರ್ಷ ಬಂದ ಎಷ್ಟನೇ ಕೊಡುಗೆ, ಆ ಕೊಡುಗೆಯೊಳಗಿನ ಎಷ್ಟನೇ ವಸ್ತು. ಕಣ್ಣಿಗೆ ಕಾಣದ ಮೂಲೆಯಲ್ಲಿ ಮೊದಲು ತೆಳುವಾಗಿ ವಾರ್ನಿಷ್ ಥರದ್ದನ್ನು ಬಳಿದು, ಒಣಗಿದ ಮೇಲೆ ಶಾಯಿಯಲ್ಲಿ ಪುಟ್ಟದಾಗಿ ನಂಬರು ಬರೆದು, ಮೇಲೆ ಇನ್ನೊಂದು ಕೈ ಬಳಿಯೋದು. ಬೇಕಾದರೆ ಮುಂದೆ ವಸ್ತುವಿಗೆ ಪೆಟ್ಟಾಗದಂತೆ ಒರೆಸಿ ತೆಗೀಬಹುದು. ಆ ನಂಬರಿಗೆ ಒಂದು ಕಾರ್ಡು. ಯಾರು ಕೊಟ್ಟರು, ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಬಳಸುತ್ತಿದ್ದರು ಅನ್ನೋದೆಲ್ಲ ಅದರಲ್ಲಿ. ವಸ್ತು ಕಳೆದುಹೋದರೂ ಕಾರ್ಡು ಇದ್ದರೆ ಏನೋ ಒಂದು ಉಳಿಯುತ್ತೆ. ಕಾರ್ಡು ಕಳೆದ ವಸ್ತು ಮಾತ್ರ ಬರೀ ಸಾಮಾನು.

ನಮ್ಮ ಸಾಫ್ಟ್‌ವೇರಿನಲ್ಲೂ ಇದೇ ಕಥೆ. ಹಳೇ ಸಿಸ್ಟಮ್ಮಿಂದ ಹೊಸದಕ್ಕೆ ಡೇಟಾ ಸಾಗಿಸೋದನ್ನು ಮೈಗ್ರೇಶನ್ ಅಂತೀವಿ. ಡೇಟಾ ಸಾಗಿಸೋದು ಕಷ್ಟವಲ್ಲ, ಒಂದು ರಾತ್ರಿಯ ಕೆಲಸ. ಹಳೇ ಟೇಬಲ್ಲಿನಲ್ಲಿ ‘ಫ್ಲ್ಯಾಗ್-ಟೂ’ ಅಂತ ಒಂದು ಕಾಲಮ್ ಇರುತ್ತೆ ನೋಡಿ, ಅದು ಯಾಕಿದೆ ಅಂತ ಯಾರಿಗೂ ಗೊತ್ತಿರೋಲ್ಲ. ಹಾಕಿದವನು ಕೆಲಸ ಬಿಟ್ಟು ಐದು ವರ್ಷವಾಗಿರುತ್ತೆ. ತೆಗೆಯೋಕೆ ಯಾರಿಗೂ ಧೈರ್ಯ ಬರೋಲ್ಲ. ಹಾಗೇ ಹೊತ್ತುಕೊಂಡು ಹೋಗ್ತೀವಿ.

ನನ್ನ ಅಜ್ಜನಿಗೂ ಒಂದು ಮೈಗ್ರೇಶನ್ ಬಂದಿತ್ತು. ನಮ್ಮ ಕಡೆ ಅದಕ್ಕೆ ಮುಳುಗಡೆ ಅಂತಾರೆ. ಶರಾವತಿಗೆ ಮೊದಲು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, ಅದು ಮೊದಲ ಮುಳುಗಡೆ. ಆಮೇಲೆ ಲಿಂಗನಮಕ್ಕಿ. 1964ರಲ್ಲಿ ಅದು ಮುಗಿದಾಗ ಹಿರೇಭಾಸ್ಕರವೇ ನೀರಿನಡಿ ಹೋಯಿತು. ಈಗಲೂ ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದರ ನೆತ್ತಿ ಕಾಣುತ್ತೆ, ಜನ ಹೋಗಿ ಫೋಟೋ ತೆಗೆಸಿಕೊಳ್ತಾರೆ. ನಮ್ಮ ಮನೆ ಇದ್ದಿದ್ದು ಎರಡನೇ ಮುಳುಗಡೆಯ ಲೆಕ್ಕದಲ್ಲಿ. ತೋಟ, ಗದ್ದೆ, ದೇವರ ಬನ ಹೊತ್ತುಕೊಂಡು ಹೋಗೋ ಹಾಗಿಲ್ಲ. ಮನೆ ಹೊರಬಹುದು. ಮಲೆನಾಡಿನ ಹಳೇ ಮನೆ ಅಂದರೆ ಮುಕ್ಕಾಲು ಪಾಲು ಮರ: ಕಂಬ, ತೊಲೆ, ಬಾಗಿಲುವಾಡ, ಪಕಾಸಿ. ಬಿಚ್ಚಿದರೆ ಬಿಚ್ಚುತ್ತೆ. ಆಗ ಎಷ್ಟೋ ಮನೆಯವರು ಹಾಗೇ ಮಾಡಿದರು.

ಬಿಚ್ಚೋ ಮುಂಚೆ ಅಜ್ಜ ಆಚಾರಿಯನ್ನು ಪಕ್ಕ ನಿಲ್ಲಿಸಿಕೊಂಡು ಒಂದೊಂದಕ್ಕೂ ಉಳಿಯಲ್ಲಿ ನಂಬರು ಕೆತ್ತಿಸಿದನಂತೆ. ಯಾವ ತೊಲೆಯ ತುದಿ ಯಾವ ಕಂಬದ ತೂತಿಗೆ ಕೂರಬೇಕು ಅನ್ನೋದು ಆಚಾರಿಗೆ ಗೊತ್ತು, ಆದರೆ ಬಿಚ್ಚಿದ ಮೇಲೆ ಎಲ್ಲ ಕಂಬವೂ ಒಂದೇ ಥರ. ‘ಪೂ ೩’ ಅಂದರೆ ಪೂರ್ವದ ಸಾಲಿನ ಮೂರನೇ ಕಂಬ. ಸಣ್ಣವನಿದ್ದಾಗ ನಾನು ಜಗಲಿಯ ಕಂಬಕ್ಕೆ ಒರಗಿ ಕೂತರೆ ಆ ‘ಪೂ’ ನನ್ನ ಬೆನ್ನಿಗೆ ಒತ್ತುತ್ತಿತ್ತು. ತಮಾಷೆ ಅಂದರೆ, ಹೊಸ ಜಾಗದಲ್ಲಿ ಗುಡ್ಡ ಅಡ್ಡ ಬಂದು ಮನೆ ತಿರುಗಿಸಿ ಕಟ್ಟಬೇಕಾಯಿತು. ಹಾಗಾಗಿ ಪೂರ್ವದ ಕಂಬಗಳೆಲ್ಲ ಉತ್ತರಕ್ಕೆ ಬಂದವು. ಶಾಲೆಯಲ್ಲಿ ದಿಕ್ಕು ಹೇಳಿಕೊಡೋವಾಗ ನಾನೊಬ್ಬ ಮಾತ್ರ ವಾದ ಹಾಕಿದ್ದೆ, ನಮ್ಮನೇಲಿ ಪೂರ್ವ ಬೇರೆ ಕಡೆ ಇದೆ ಅಂತ.

ಆ ಮನೆ ಈಗ ಇಳಿಸೋ ಮಾತು ನಡೀತಿದೆ. ನಡೆದು ಎರಡು ವರ್ಷವಾಯಿತು. ಹೆಂಚು ಸೋರುತ್ತೆ, ಎರಡು ಕಡೆ ಒರಲೆ ಹಿಡಿದಿದೆ, ಅಮ್ಮನ ಮಂಡಿ ಆ ಎತ್ತರದ ಹೊಸಿಲು ದಾಟೋಕೆ ಒಪ್ಪೋದಿಲ್ಲ. ಆರ್‌ಸಿಸಿ ಹಾಕಿಸಿ, ಒಳಗೇ ಬಚ್ಚಲು ಇರೋ ಮನೆ ಕಟ್ಟಬೇಕು ಅನ್ನೋದರಲ್ಲಿ ನನಗೇನೂ ತಕರಾರಿಲ್ಲ. ವರ್ಷಕ್ಕೊಮ್ಮೆ ಮೂರು ವಾರ ಬಂದು ಹೋಗೋ ನಾನು, ಹಳೇ ಮನೆ ಚಂದ, ಉಳಿಸಿ ಅಂತ ಹೇಳೋದು ತಪ್ಪು. ಆ ಚಂದವನ್ನು ಮಳೆಗಾಲದಲ್ಲಿ ಬಕೇಟು ಇಟ್ಟು ಹಿಡಿಯೋರು ಅವರು.

ಅಪ್ಪಯ್ಯ ಫೋನಿನಲ್ಲಿ ಕೇಳಿದ್ದು ಬೇರೆ. "ಮರದ ವ್ಯಾಪಾರಿ ಬಂದಿದ್ದ ತಮಾ. ಕಂಬಕ್ಕೆ ಒಳ್ಳೆ ರೇಟು ಕೊಡ್ತಿ ಹೇಳ್ತ. ಬೆಂಗ್ಳೂರಲ್ಲಿ ಯಾವ್ದೋ ರೆಸಾರ್ಟಿಗಂತೆ. ನಿಂಗೆ ಬೇಕಾ ಬ್ಯಾಡ್ದಾ ಹೇಳು."

ಬೇಕು ಅಂದರೆ ಎಲ್ಲಿಡೋದು? ಸಿಯಾಟಲ್ಲಿನ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಹದಿನೈದು ಕಂಬ ತರಲಾ? ಬೇಡ ಅಂದರೆ ‘ಪೂ ೩’ ಯಾವುದೋ ರೆಸಾರ್ಟಿನ ಬಾರಿನಲ್ಲಿ ನಿಲ್ಲುತ್ತೆ. ಅಲ್ಲಿ ಬಂದವರು ಅದಕ್ಕೆ ಒರಗಿ ಸೆಲ್ಫಿ ತಗೊಂಡು ‘ಎಥ್ನಿಕ್’ ಅಂತಾರೆ. ನಾನು ನೋಡಿ ಹೇಳ್ತೀನಿ ಅಂತ ಫೋನಿಟ್ಟೆ. ಮೊಹಾಯ್‌ಗೆ ಹೋಗೋದು ಹೆಚ್ಚಾಗಿದ್ದು ಆವಾಗಿಂದ.

ಅಲ್ಲಿ ಏನೇನಿದೆ ಅಂತ ಕೇಳಿದರೆ ನಗು ಬರಬಹುದು. ಒಂದು ಅಂಟಿನ ಪಾತ್ರೆ ಇದೆ. 1889ರ ಜೂನ್ 6ರಂದು ಒಂದು ಬಡಗಿ ಅಂಗಡಿಯಲ್ಲಿ ಕುದಿಯೋಕೆ ಇಟ್ಟಿದ್ದ ಅಂಟು ಉಕ್ಕಿ ಬೆಂಕಿ ಹತ್ತಿ, ಸಂಜೆಯೊಳಗೆ ಪೇಟೆ ಪೇಟೆಯೇ ಸುಟ್ಟುಹೋಯಿತು. ಊರಿಗೆ ಊರೇ ಮರದಲ್ಲಿ ಕಟ್ಟಿದ್ದು. ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿದರು, ರಸ್ತೆಗಳನ್ನು ಒಂದಾಳು ಎತ್ತರಕ್ಕೂ ಮೀರಿ ಏರಿಸಿದರು, ಹಳೇ ಅಂಗಡಿಗಳ ನೆಲದಂತಸ್ತು ನೆಲಮಾಳಿಗೆಯಾಯಿತು. ಆ ಬೆಂಕಿಗೆ ಕಾರಣ ಅಂತ ಹೇಳೋ ಪಾತ್ರೆ ಇದು. ನಮ್ಮೂರಲ್ಲಾಗಿದ್ದರೆ ಊರು ಸುಟ್ಟ ಪಾತ್ರೆಯನ್ನು ಅಪಶಕುನ ಅಂತ ಹೊಳೆಗೆ ಎಸೀತಿದ್ದರು, ಇವರು ಗಾಜಿನೊಳಗೆ ದೀಪ ಹಾಕಿ ಇಟ್ಟಿದ್ದಾರೆ.

ಕಾಲ್ಬೆರಳಿನ ಆಕಾರದ ಗುಲಾಬಿ ಬಣ್ಣದ ಗಾಡಿಯೊಂದಿದೆ. ಕೆಟ್ಟ ಕಾರು ಎಳೆಯೋ ಅಂಗಡಿಯವರು ತಮಾಷೆಗೆ ಮಾಡಿಸಿದ್ದು, ಇಂಗ್ಲಿಷಿನಲ್ಲಿ ಎಳೆಯೋದಕ್ಕೂ ಕಾಲ್ಬೆರಳಿಗೂ ಒಂದೇ ಉಚ್ಚಾರ ನೋಡಿ. ರೈನಿಯರ್ ಬಿಯರ್ ಕಾರ್ಖಾನೆಯ ತಲೆ ಮೇಲಿದ್ದ ಕೆಂಪು ‘ಆರ್’ ಅಕ್ಷರ ಇದೆ. ಹೆದ್ದಾರಿಯಲ್ಲಿ ಬರೋರಿಗೆ ರಾತ್ರಿ ಅದು ಕಂಡರೆ ಊರು ಬಂತು ಅಂತ ಅರ್ಥ. ಇವೆರಡೂ ಮಹತ್ವದ ವಸ್ತುಗಳೇನಲ್ಲ. ಆದರೆ ಅವುಗಳ ಮುಂದೆ ನಿಂತ ಅರವತ್ತು ದಾಟಿದ ಹೆಂಗಸೊಬ್ಬರು ಮೊಮ್ಮಗನಿಗೆ, ನಿನ್ನಪ್ಪ ಕಾರಿನ ಹಿಂದಿನ ಸೀಟಲ್ಲಿ ಕೂತು ಇದನ್ನ ನೋಡಿ ಕುಣೀತಿದ್ದ ಅಂತ ಹೇಳ್ತಿದ್ದುದನ್ನು ಕೇಳಿದೆ. ಮೇಲೆ ತೂಗುತ್ತಿರೋದು ಬೋಯಿಂಗ್ ಬಿ-1, ಕಂಪನಿ 1919ರಲ್ಲಿ ಮಾಡಿದ ನೀರಿನ ಮೇಲಿಳಿಯೋ ವಿಮಾನ. ಎಡ್ಡಿ ಹಬ್ಬರ್ಡ್ ಅನ್ನೋನು ಅದರಲ್ಲಿ ಸಿಯಾಟಲ್ಲಿಂದ ಕೆನಡಾದ ವಿಕ್ಟೋರಿಯಾಕ್ಕೆ ಟಪಾಲು ಹೊತ್ತವನು. ಮರದ ವಿಮಾನ, ಬಡಗಿ ಕೆಲಸ. ಎವರೆಟ್ಟಿನ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ವಿಮಾನ ನೋಡಿ ಬಾಯಿ ಬಿಟ್ಟ ನೆಂಟರಿಗೆ ಇದನ್ನು ತೋರಿಸಬೇಕು ನಿಜವಾಗಿ.

ನನ್ನನ್ನು ಹಿಡಿದಿಟ್ಟಿದ್ದು ಇವ್ಯಾವೂ ಅಲ್ಲ. ಹಾಲಿನಲ್ಲಿ ಒಂದು ಮರದ ಆಕೃತಿ ನಿಂತಿದೆ, 65 ಅಡಿ ಎತ್ತರ. ನೆಲ ಕೊರೆದು ಕೆಳಗೆ ಸರೋವರದ ನೀರಿನ ಕಡೆ ಇಳಿದಿದೆ, ಮೇಲೆ ಮಾಡು ಕೊರೆದು ಆಕಾಶಕ್ಕೆ ಹೋಗಿದೆ. ಒಳಗೆ ಪೊಳ್ಳು, ನಾವು ಒಳಹೊಕ್ಕು ನಿಲ್ಲಬಹುದು. ಜಾನ್ ಗ್ರೇಡ್ ಅನ್ನೋ ಕಲಾವಿದ ಮಾಡಿದ್ದು. ಅದರ ಮರ ವವೋನಾ ಅನ್ನೋ ಹಾಯಿಹಡಗಿನದು.

ವವೋನಾ 1897ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಹಡಗು. ಮೊದಲು ಈ ಕರಾವಳಿಯ ನಾಟಾ ಹೊತ್ತಿತು, ಆಮೇಲೆ ಅಲಾಸ್ಕದ ಕಡೆ ಕಾಡ್ ಮೀನಿಗೆ ಹೋಯಿತು. ಮುದಿಯಾದ ಮೇಲೆ ಅದನ್ನು ಉಳಿಸಬೇಕು ಅಂತ ಒಂದಷ್ಟು ಜನ ಹೊರಟರು. 1970ರಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು, ಹಡಗುಗಳ ಪೈಕಿ ಅದೇ ಮೊದಲನೇದು. ಆದರೆ ಪಟ್ಟಿಗೆ ಸೇರಿದರೆ ಮರ ಕೊಳೆಯೋದು ನಿಲ್ಲುತ್ತಾ? ವರ್ಷಗಟ್ಟಲೆ ಈ ಆರ್ಮರಿಯ ಪಕ್ಕದಲ್ಲೇ ನೀರಿನಲ್ಲಿ ಕಟ್ಟಿಹಾಕಿದ್ದರು. ದುಡ್ಡು ಒಟ್ಟಾಗೋದಕ್ಕಿಂತ ಜೋರಾಗಿ ಅದು ಕೊಳೆಯಿತು. 2009ರಲ್ಲಿ ಬಿಚ್ಚಿದರು. ಹಡಗು ಹೋಯಿತು, ಉಳಿದ ಒಳ್ಳೇ ಹಲಗೆಗಳಲ್ಲಿ ಈ ಆಕೃತಿ ಬಂತು.

ಮೊದಲ ಸಲ ಒಳಗೆ ನಿಂತು ಹಲಗೆ ಮುಟ್ಟಿದಾಗ ಮೊಳೆ ಹೊಡೆದ ತೂತುಗಳು ಕೈಗೆ ಸಿಕ್ಕವು, ಕಬ್ಬಿಣ ತುಕ್ಕು ಹಿಡಿದು ಮರಕ್ಕೆ ಇಳಿದ ಕಪ್ಪು. ಮೇಲೆ ನೋಡಿದರೆ ಚೂರು ಆಕಾಶ, ಕೆಳಗೆ ನೀರು ಅಲುಗೋದು. ಇದು ಹಡಗಿನ ಥರ ಇಲ್ಲ, ಹಡಗು ಅಂತ ಸುಳ್ಳು ಹೇಳೋದೂ ಇಲ್ಲ. ಹಡಗನ್ನು ಪೂರ್ತಿ ಉಳಿಸಬೇಕಿತ್ತು ಅಂತ ಬೇಜಾರು ಮಾಡಿಕೊಂಡವರು ಇಲ್ಲಿ ಇದ್ದಾರೆ, ಅವರ ಸಂಕಟ ನನಗೆ ಅರ್ಥವಾಗುತ್ತೆ. ಆದರೂ ಸೋರೋ ಹಡಗಿಗೆ ಬಕೇಟು ಹಿಡಿದವರ ಕಡೆಯಿಂದ ನೋಡಿದರೆ ಇದು ಒಳ್ಳೇ ಸಾವು ಅಂತಲೇ ನನ್ನ ಲೆಕ್ಕ. ಕಂಬ ಇಡೋದಾ ಮಾರೋದಾ ಅನ್ನೋ ಪ್ರಶ್ನೆಗೆ, ಎಲ್ಲ ಅಥವಾ ಏನೂ ಇಲ್ಲ ಅನ್ನೋ ಎರಡೇ ಉತ್ತರ ಇಲ್ಲ ಅಂತ ಹೊಳೆದದ್ದು ಅಲ್ಲೇ.

ಮೇಲಿನ ಅಂತಸ್ತಿನಲ್ಲಿ ಒಂದು ಪೆರಿಸ್ಕೋಪ್ ಇದೆ, ನೌಕಾದಳದ್ದು. ಕಣ್ಣಿಟ್ಟು ತಿರುಗಿಸಿದರೆ ಸುತ್ತಲಿನ ಇಡೀ ಕೇರಿ ಕಾಣುತ್ತೆ. ಒಂದು ಕಾಲಕ್ಕೆ ಇಲ್ಲಿ ಮರದ ಮಿಲ್ಲುಗಳಿದ್ದವು, ಬಟ್ಟೆ ಒಗೆಯೋ ಲಾಂಡ್ರಿಗಳಿದ್ದವು, ಫೋರ್ಡಿನವರು ಮಾಡೆಲ್ ಟಿ ಜೋಡಿಸುತ್ತಿದ್ದ ಕಟ್ಟಡ ಇನ್ನೂ ನಿಂತಿದೆ. 1995ರಲ್ಲೊಮ್ಮೆ, 1996ರಲ್ಲೊಮ್ಮೆ ಇಲ್ಲಿ ದೊಡ್ಡ ಪಾರ್ಕು ಮಾಡೋಣ ಅಂತ ವೋಟಿಗೆ ಹಾಕಿದರು, ಎರಡು ಸಲವೂ ಜನ ಬೇಡ ಅಂದರು. ಪಾರ್ಕಿಗೆ ಅಂತ ಪಾಲ್ ಆ್ಯಲೆನ್ ದುಡ್ಡು ಹಾಕಿ ಕೊಂಡಿದ್ದ ಜಾಗದಲ್ಲಿ ಆಮೇಲೆ ಗಾಜಿನ ಕಟ್ಟಡಗಳು ಎದ್ದವು, 2010ರಿಂದ ಅಮೆಜಾನ್ ಬಂತು. ಈಗ ಪೆರಿಸ್ಕೋಪಿನಲ್ಲಿ ಕಾಣೋದು ಕ್ರೇನು, ಗಾಜು, ಕುತ್ತಿಗೆಗೆ ಬ್ಯಾಡ್ಜು ನೇತುಹಾಕಿಕೊಂಡು ಊಟಕ್ಕೆ ಹೊರಟ ನಮ್ಮಂಥವರು. ಮ್ಯೂಸಿಯಂನಲ್ಲಿ ಜೆಫ್ ಬೆಜೋಸ್ ಕೊಟ್ಟ 1 ಕೋಟಿ ಡಾಲರಿನಲ್ಲಿ ಹೊಸ ಆವಿಷ್ಕಾರಗಳ ಒಂದು ವಿಭಾಗವೂ ಇದೆ. ಚೆನ್ನಾಗಿದೆ. ಆದರೆ ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲೋದಿಲ್ಲ, ಆಫೀಸಿಂದ ಆಫೀಸಿಗೇ ಹೋದ ಹಾಗಾಗುತ್ತೆ.

ಹಳೇ ಮ್ಯೂಸಿಯಂ ಪಕ್ಕದಲ್ಲಿ ಕಾಲುವೆ ಇತ್ತು ಅಂದೆನಲ್ಲ, ಅದರದ್ದೂ ಒಂದು ಕಥೆ ಇದೆ. ಸಮುದ್ರದಿಂದ ಹಡಗು ಒಳಗೆ ಬರಲಿ ಅಂತ ಆ ಕಾಲುವೆ ತೋಡಿದಾಗ, 1916ರಲ್ಲಿ, ಲೇಕ್ ವಾಷಿಂಗ್ಟನ್ ಸುಮಾರು 9 ಅಡಿ ಇಳಿಯಿತು. ಅದರ ದಕ್ಷಿಣ ತುದಿಯಿಂದ ಹೊರಗೆ ಹರಿಯುತ್ತಿದ್ದ ಬ್ಲ್ಯಾಕ್ ರಿವರ್ ಅನ್ನೋ ನದಿ ಒಣಗಿಯೇ ಹೋಯಿತು. ಅದರ ದಂಡೆ ಡುವಾಮಿಶ್ ಜನರದ್ದು. ಈ ಊರಿಗೆ ಹೆಸರು ಬಂದಿದ್ದು ಅವರ ಮುಖಂಡನಿಂದ, ಆದರೆ ಅವರನ್ನು ಒಂದು ಬುಡಕಟ್ಟು ಅಂತ ದಿಲ್ಲಿಯಂಥ ಅವರ ವಾಷಿಂಗ್ಟನ್ ಡಿಸಿ ಇವತ್ತಿಗೂ ಒಪ್ಪಿಲ್ಲ. ನಮ್ಮಲ್ಲಿ ನೀರು ಏರಿ ಜನ ಎದ್ದರು, ಇಲ್ಲಿ ನೀರು ಇಳಿದು. ನಮ್ಮ ನೀರಿನಿಂದ ಶರಾವತಿಯಲ್ಲಿ 1035 ಮೆಗಾವ್ಯಾಟ್ ಕರೆಂಟು ಬಂತು, ರಾಜ್ಯಕ್ಕೆಲ್ಲ ಬೆಳಕಾಯಿತು. ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೂ ಅದೇ ಕರೆಂಟು ಬಂದಿರಬೇಕು. ಹಾಗಂತ ಅಜ್ಜನಿಗೆ ಹೇಳಿ ಖುಷಿಪಡಿಸೋಕೆ ನಾನು ಹೋಗಲಿಲ್ಲ.

ಅಂತೂ ಅಪ್ಪಯ್ಯನಿಗೆ ಫೋನು ಮಾಡಿದೆ. ಜಗಲಿಯ ನಾಲ್ಕು ಕಂಬ ಹೊಸ ಮನೆಯ ಮುಂದೆ ನಿಲ್ಲಿಸೋಣ, ಸ್ಲ್ಯಾಬಿಗೆ ಅವುಗಳ ಆಸರೆ ಬೇಡದಿದ್ದರೂ ಸರಿ. ದೊಡ್ಡ ಬಾಗಿಲುವಾಡ ಹಾಗೇ ಇಡೋಣ, ಹೊಸಿಲು ಮಾತ್ರ ಅಮ್ಮನ ಮಂಡಿಗೆ ತಕ್ಕ ಹಾಗೆ ಕುಯ್ಯಿಸೋಣ. ಉಳಿದದ್ದು ಮಾರಿಬಿಡಿ. ಆದರೆ ಬಿಚ್ಚೋ ಮುಂಚೆ ಒಂದು ಕೆಲಸ: ಪ್ರತಿ ಕಂಬದ ನಂಬರು, ಅದು ಹಳೇ ಮನೆಯಲ್ಲಿ ಎಲ್ಲಿತ್ತು, ಅದರ ಹತ್ತಿರ ಏನಾಗುತ್ತಿತ್ತು, ನೆನಪಿದ್ದಷ್ಟು ಬರೆದಿಡಿ ಅಂದೆ. ಹಳೇ ಮನೆ ಕಣ್ಣಲ್ಲಿ ಕಂಡವರು ಈಗ ಅಪ್ಪಯ್ಯ ಒಬ್ಬನೇ. ಮುಳುಗಡೆ ಹೊತ್ತಿಗೆ ಅವನಿಗೆ ಹತ್ತೋ ಹನ್ನೊಂದೋ. ಚಿಕ್ಕಪ್ಪ ಇನ್ನೂ ತೊಟ್ಟಿಲಲ್ಲಿ.

"ಅದೆಲ್ಲ ಬರದು ಯಾರಿಗೆ ಬೇಕು" ಅಂದ ಅಪ್ಪಯ್ಯ. ಆಮೇಲೆ, "ಅಡ್ಡಿಲ್ಲೆ, ನೋಡ್ತಿ" ಅಂದ.

ಹದಿನೈದು ದಿನ ಬಿಟ್ಟು ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಫೋಟೋ ಕಳಿಸತೊಡಗಿದ. ಅಡಿಕೆ ಮಂಡಿಯವರು ಹಂಚೋ ಡೈರಿ ಇರುತ್ತಲ್ಲ, ಅದರಲ್ಲಿ ಒಂದು ಕಂಬಕ್ಕೆ ಒಂದು ಹಾಳೆ. ಮೂರು ಸಾಲು ಸಾಕು ಅಂದಿದ್ದೆ, ಕೆಲವು ಹಾಳೆ ಎರಡೂ ಬದಿ ತುಂಬಿವೆ. ‘ಪೂ ೩: ಇದಕ್ಕೆ ಒರಗಿ ಅಜ್ಜಮ್ಮ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದಳು. ಕೆಳಗಡೆ ಬಣ್ಣ ಬೇರೆ ಇರುವುದು ಚೊಗರಿನಿಂದ.’ ನಾನು ಸಣ್ಣವನಿದ್ದಾಗಿಂದ ಅದನ್ನು ಬೆಂಕಿ ತಾಗಿದ ಗುರುತು ಅಂದುಕೊಂಡಿದ್ದೆ. ‘ದ ೨: ಇದಕ್ಕೆ ಕರು ಕಟ್ಟುತ್ತಿದ್ದರು. ಮುಳುಗಡೆ ಸಮಯ ಆಕಳು ಹೊಸ ಊರಿಗೆ ಬಂದಮೇಲೆ ಎರಡು ಸಲ ತಪ್ಪಿಸಿಕೊಂಡು ಹಳೆಯ ಊರಿಗೆ ಹೋಗಿತ್ತು.’ ಒಂದು ಕಂಬಕ್ಕೆ ಬರೀ ಇಷ್ಟೇ: ‘ವಿಶೇಷ ಇಲ್ಲ. ಒಳ್ಳೆಯ ಮರ.’

ಎಲ್ಲ ನೋಡ್ತಾ ಲೆಕ್ಕ ಹಾಕಿದೆ. ಹದಿನೈದು ಕಂಬ, ಆದರೆ ನಂಬರುಗಳು ಹದಿನಾರರ ಲೆಕ್ಕದಲ್ಲಿವೆ. ದಿಕ್ಕಿಗೆ ನಾಲ್ಕರಂತೆ ಎಲ್ಲ ಸರಿಯಿದ್ದು, ಪಶ್ಚಿಮದ ಸಾಲಿನಲ್ಲಿ ‘ಪ ೨’ ಆದ ಮೇಲೆ ‘ಪ ೪’. ಮೂರನೇದು ಇಲ್ಲ. ಬರೆಯೋವಾಗ ಬಿಟ್ಟುಹೋಯಿತಾ ಅಂತ ಫೋನು ಮಾಡಿ ಕೇಳಿದೆ.

ಬಿಟ್ಟುಹೋಗಿದ್ದಲ್ಲವಂತೆ. ಅಜ್ಜನ ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಂದು ಸಂಸಾರ ಇತ್ತು, ಬೇಣದ ಅಂಚಿನಲ್ಲಿ ಹುಲ್ಲಿನ ಮನೆ. ಭೂಮಿ ಅವರ ಹೆಸರಿನಲ್ಲಿರಲಿಲ್ಲ, ಹಾಗಾಗಿ ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಲಾರಿಗೆ ಮರ ಹೇರುವ ದಿನ ಆ ಮನೆಯಾತ ಬಂದು, ಹೊಸ ಜಾಗದಲ್ಲಿ ಗುಡಿಸಲಿಗೆ ನಡುಗಂಬ ಬೇಕು ಅಂತ ಕೇಳಿದನಂತೆ. ಅಜ್ಜ ‘ಪ ೩’ ಕೊಟ್ಟ. ಅವರು ಎತ್ತಿನ ಗಾಡಿಗೆ ಹಾಕಿಕೊಂಡು ಹೊಳೆಯ ಆಚೆ ಬದಿಗೆ ಹೋದರು, ಅದೊಂದೇ ಗೊತ್ತು. ಒಂದು ಕಂಬ ಕೊಟ್ಟು ಅಜ್ಜ ದೊಡ್ಡ ಉಪಕಾರ ಮಾಡಿದ ಅಂತ ಅಪ್ಪಯ್ಯನೂ ಹೇಳಲಿಲ್ಲ, ನನಗೂ ಹಾಗನ್ನಿಸಲಿಲ್ಲ. ನಮಗೆ ಹದಿನೈದು ಬಂತು, ಅವರಿಗೆ ಒಂದು.

"ಅವರ ಮನೇಲೊಬ್ಬ ಹುಡುಗ ಇದ್ದಿದ್ದ, ನನ್ನ ವಾರಗೆಯವ" ಅಂದ ಅಪ್ಪಯ್ಯ. "ಕಂಬ ಇರ್ತಿಲ್ಲೆ ಬಿಡು ಈಗ. ಅವ ಇದ್ರೂ ಇಪ್ಪಲೆ ಸಾಕು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೂ ಒಂದು ಹಾಳೆ ಖಾಲಿ ಬಿಟ್ಟಿದ್ದಿ" ಅಂದ.

ಚಿಕ್ಕಪ್ಪ ಮುಂದಿನ ವಾರ ತುಮರಿ ಕಡೆ ಹೋಗುವವನಿದ್ದಾನೆ, ಯಾವುದೋ ಮದುವೆಗೆ. ಅಲ್ಲಿ ವಿಚಾರಿಸ್ತೀನಿ ಅಂದಿದ್ದಾನೆ.